ಫೇಜ್ ಕೈಯಿಂದ ಪಾರಾದ ಕ್ಲೆಬ್ಸಿಯೆಲ್ಲಾ, ನಾನು ಎಸೆದ ಪ್ಲೇಟ್: ನನ್ನ ಅನುಭವ

ಮೊದಲ ಪ್ಲೇಟನ್ನು ನಾನು ಕಂಟ್ಯಾಮಿನೇಷನ್ ಅಂದುಕೊಂಡು ಎಸೆದುಬಿಟ್ಟೆ. ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಅನ್ನೋ ಬ್ಯಾಕ್ಟೀರಿಯಾವನ್ನು ಕೊಲ್ಲುವ ಫೇಜ್ ಹುಡುಕುತ್ತಿದ್ದೆ. ಫೇಜ್ ಅಂದರೆ ಬ್ಯಾಕ್ಟೀರಿಯಾಕ್ಕೇ ತಗಲುವ ವೈರಸ್. ಹುಡುಕೋಕೆ ಒಳ್ಳೇ ಜಾಗ ಚರಂಡಿ ನೀರು. ಬ್ಯಾಕ್ಟೀರಿಯಾ ಜಾಸ್ತಿ ಇದ್ದಲ್ಲಿ ಅದರ ಶತ್ರುವೂ ಇರುತ್ತೆ ಅಲ್ವಾ. ನೀರನ್ನು ಸೆಂಟ್ರಿಫ್ಯೂಜ್ ಮಾಡಿ, 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಬ್ಯಾಕ್ಟೀರಿಯಾದ ಜೊತೆ, ಅದು ಬೆಳೆಯುವ ಜೆಲ್ಲಿಯಾದ ತೆಳು ಅಗಾರ್‌ಗೆ ಬೆರೆಸಿ ಪ್ಲೇಟಿಗೆ ಸುರಿದೆ. ಅಗಾರ್ 45 ಡಿಗ್ರಿ ಆಸುಪಾಸು ಇರಬೇಕು. ಬಿಸಿ ಹೆಚ್ಚಾದರೆ ಬ್ಯಾಕ್ಟೀರಿಯಾ ಬೇಯುತ್ತದೆ, ಆರಿದರೆ ಕೆಟ್ಟ ಉಪ್ಪಿಟ್ಟಿನ ಹಾಗೆ ಗಂಟುಗಂಟು.

ಮರುದಿನ, ಶನಿವಾರ, ಬ್ಯಾಕ್ಟೀರಿಯಾದ ಮಬ್ಬು ಪದರದಲ್ಲಿ ಫೇಜ್ ಅದನ್ನು ಕೊಂದ ಕಡೆ ತಿಳಿಯಾದ ತೂತುಗಳು, ಒಂದೊಂದರ ಸುತ್ತ ಒಂದು ಮಸುಕು ಬಳೆ. ಬಳೆ ಕಂಡರೆ, ಫೇಜ್‌ನ ಕಿಣ್ವ ಬ್ಯಾಕ್ಟೀರಿಯಾದ ಲೋಳೆ ಕವಚವನ್ನು ಕರಗಿಸುತ್ತಿರಬಹುದು ಅಂತ ಗುಮಾನಿ. ಖುಷಿಯಲ್ಲಿ ಪ್ಲೇಟನ್ನು ಮತ್ತೆ ಇನ್‌ಕ್ಯುಬೇಟರ್‌ನಲ್ಲಿಟ್ಟು ಮರೆತೇ ಹೋದೆ. ಸೋಮವಾರ ನೋಡಿದರೆ ತೂತಿನ ಒಳಗೇ ಸಾಸಿವೆಗಿಂತ ಚಿಕ್ಕ ಕಾಲನಿಗಳು, ಅಂದರೆ ಬ್ಯಾಕ್ಟೀರಿಯಾದ ಗುಂಪುಗಳು! ಎಸೆದದ್ದು ಅದನ್ನೇ. ಎರಡನೇ ಸಲವೂ ಹಾಗೇ ಆದಾಗ ಬುದ್ಧಿ ಬಂತು: ಇವು ಫೇಜ್‌ನಿಂದ ಪಾರಾದ ಕ್ಲೆಬ್ಸಿಯೆಲ್ಲಾ.

ಇವು ಫೇಜ್ ನೋಡಿ ಪಾಠ ಕಲಿತವಲ್ಲ. ಇಂಥ ಮ್ಯುಟೆಂಟ್‌ಗಳು (ಜೀನ್ ಬದಲಾದವು) ಫೇಜ್ ಬರುವ ಮೊದಲೇ ಗುಂಪಿನಲ್ಲಿ ಇರುತ್ತವೆ ಅಂತ ವಿಜ್ಞಾನಿಗಳಾದ ಲೂರಿಯಾ ಮತ್ತು ಡೆಲ್‌ಬ್ರುಕ್ 1943ರಲ್ಲೇ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತೋರಿಸಿದ್ದರು. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕಣ್ಣೆದುರು ಬಂದಾಗ ಗುರುತು ಸಿಗಲಿಲ್ಲ ಅಷ್ಟೆ.

ಆರು ಕಾಲನಿ ಎತ್ತಿ, ಅಂಟಿಕೊಂಡ ಫೇಜ್ ಹೋಗಲಿ ಅಂತ ಮೂರು ಸಲ ಹೊಸ ಪ್ಲೇಟಿನಲ್ಲಿ ಗೀರಿ ಬೆಳೆಸಿದೆ. ಮೂಲ ತಳಿಗೆ ಲೂಪ್ (ತುದಿಯಲ್ಲಿ ಬಳೆಯಿರುವ ತಂತಿ) ಮುಟ್ಟಿಸಿ ಮೇಲೆತ್ತಿದರೆ ಎಳೆಪಾಕದ ಹಾಗೆ ದಾರ ಬರುತ್ತಿತ್ತು. 5 ಮಿಲಿಮೀಟರ್ ದಾಟಿದರೆ ಸ್ಟ್ರಿಂಗ್ ಟೆಸ್ಟ್ ಪಾಸಿಟಿವ್. (ಮನೆಯಲ್ಲಿ ಉಂಡೆಗೆ ಪಾಕ ನೋಡುವಾಗ ನನಗೀಗ ಇದೇ ನೆನಪಾಗುತ್ತದೆ, ಕ್ಷಮಿಸಿ.) ಆರರಲ್ಲಿ ಐದಕ್ಕೆ ದಾರವೇ ಇಲ್ಲ. ಕಾಲನಿಯ ಹೊಳಪೂ ಹೋಗಿತ್ತು. ಫೇಜ್ ಹಿಡಿದುಕೊಳ್ಳುವುದು ಆ ಲೋಳೆಯನ್ನೇ ಆದರೆ, ಲೋಳೆ ಬಿಟ್ಟವನನ್ನು ಅದು ಹಿಡಿಯುವುದಾದರೂ ಹೇಗೆ?

ಆದರೆ ಅದೇ ಲೋಳೆ ನಮ್ಮ ಮೈಯೊಳಗೆ ಅದರ ರಕ್ಷಣೆ. ರಕ್ತದಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಕಾಂಪ್ಲಿಮೆಂಟ್ ಪ್ರೋಟೀನುಗಳು, ಬಿಳಿ ರಕ್ತಕಣಗಳು ಸುಲಭವಾಗಿ ಹತ್ತಿರ ಬಾರದಂತೆ ತಡೆಯುವುದು ಅದೇ. ಹಾಗಾಗಿ ಎಲ್ಲವನ್ನೂ ಮನುಷ್ಯರ ರಕ್ತದ ತಿಳಿ ದ್ರವವಾದ ಸೀರಂನಲ್ಲಿ 37 ಡಿಗ್ರಿಯಲ್ಲಿ ಮೂರು ಗಂಟೆ ಇಟ್ಟೆ. ಜೊತೆಗೆ ಹೋಲಿಕೆಗೆ, ಕಂಟ್ರೋಲ್ ಅಂತ, 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಕಾಂಪ್ಲಿಮೆಂಟ್ ಕೆಡಿಸಿದ ಸೀರಂ. ಈ ಕಂಟ್ರೋಲ್ ಬಿಟ್ಟರೆ ಕೊಂದದ್ದು ಯಾರು ಅಂತ ಹೇಳೋಕೇ ಆಗಲ್ಲ, ದಯವಿಟ್ಟು ಬಿಡಬೇಡಿ. ಮೂಲ ತಳಿ ಆರಾಮಾಗಿ ಬೆಳೆಯಿತು. ದಾರವಿಲ್ಲದ ಐದೂ ತಾಜಾ ಸೀರಂನಲ್ಲಿ ಹೆಚ್ಚುಕಡಿಮೆ ಖಾಲಿ, ಕಾಯಿಸಿದ್ದರಲ್ಲಿ ಮಾತ್ರ ದಟ್ಟವಾಗಿ ಬಂದಿದ್ದವು.

ತಲೆನೋವು ಆರನೆಯದು. ದಾರವೂ ಬರುತ್ತದೆ, ಸೀರಂನಲ್ಲೂ ಸಾಯಲಿಲ್ಲ, ಫೇಜ್‌ಗೂ ಜಗ್ಗಲಿಲ್ಲ. ಅದಕ್ಕೆಂದೇ ಈಗ ಬೇರೊಂದು ಚರಂಡಿಯಿಂದ ನೀರು ತಂದು ಸೋಸುತ್ತಿದ್ದೇನೆ.