ವೆಸ್ಟರ್ನ್ ಡ್ರೆಸಾಜ್ ಶೋ: ಹೆಸರು ಕೊಟ್ಟಾಗಿನಿಂದ ಅಂಕಪಟ್ಟಿ ಕೈಗೆ ಬರುವವರೆಗೆ

ದುಬಾರಿ ಕುದುರೆ ಇಲ್ಲದವರು, ದೊಡ್ಡವರಾದ ಮೇಲೆ ಸವಾರಿ ಕಲಿತವರು ಧೈರ್ಯವಾಗಿ ಇಳಿಯಬಹುದಾದ ಕುದುರೆ ಸ್ಪರ್ಧೆ ಒಂದಿದೆ. ಅದೇ ವೆಸ್ಟರ್ನ್ ಡ್ರೆಸಾಜ್. ನಾನು ಮೈಸೂರಿನವಳು. ಈಗ ಇರುವುದು ಅಮೆರಿಕದ ಟೆಕ್ಸಸ್‌ನಲ್ಲಿ, ಡಲ್ಲಾಸ್‌ನ ಉತ್ತರಕ್ಕಿರುವ ಡೆಂಟನ್ ಕೌಂಟಿಯಲ್ಲಿ. ಇದು ಕುದುರೆಗಳ ಸೀಮೆ. ಆಫೀಸಿಗೆ ಹೋಗುವ ದಾರಿಯುದ್ದಕ್ಕೂ ಬೇಲಿ, ಬೇಲಿಯಾಚೆ ಮೇಯುವ ಕುದುರೆಗಳು. ದಿನಾ ನೋಡಿ ನೋಡಿ ಆಸೆ ತಡೆಯಲಾಗದೆ, ನಲವತ್ತು ದಾಟಿದ ಮೇಲೆ ಜೀನು ಹತ್ತಿದೆ. ಇಲ್ಲಿನ ಕನ್ನಡದ ಗೆಳತಿಯರಲ್ಲಿ ಕೆಲವರ ಮಕ್ಕಳು ಈಗ ಸವಾರಿ ಕಲಿಯುತ್ತಿದ್ದಾರೆ. ಶೋಗೆ ಹೆಸರು ಕೊಡೋದು ಹೇಗೆ, ಏನು ತಯಾರಿ ಬೇಕು ಅಂತ ಅವರು ಕೇಳುತ್ತಿರುತ್ತಾರೆ. ನಾನು ಮಾಡಿದ್ದನ್ನು ಮಾಡಿದ ಹಾಗೆ ಬರೆಯುತ್ತಿದ್ದೇನೆ.

ಡ್ರೆಸಾಜ್ ಅಂದರೆ ಕುದುರೆ ಮತ್ತು ಸವಾರರು ಸೇರಿ, ಮೊದಲೇ ಗೊತ್ತುಮಾಡಿದ ಚಲನೆಗಳನ್ನು ಒಂದರ ಹಿಂದೊಂದು ಮಾಡಿ ತೋರಿಸುವುದು. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 2023ರಲ್ಲಿ ಭಾರತದ ತಂಡ ಚಿನ್ನ ಗೆದ್ದಾಗ ನಮ್ಮಲ್ಲಿ ತುಂಬಾ ಜನ ಇದನ್ನು ಮೊದಲ ಸಲ ನೋಡಿದರು. ಅದು ಇಂಗ್ಲಿಷ್ ಜೀನಿನ, ಕೋಟು ತೊಟ್ಟ ಸವಾರರ ಡ್ರೆಸಾಜ್. ವೆಸ್ಟರ್ನ್‌ನಲ್ಲಿ ಕೌಬಾಯ್ ಜೀನು, ಕೌಬಾಯ್ ಬೂಟು. ಕುದುರೆಯ ಕುಕ್ಕುಲೋಟವಾದ ಟ್ರಾಟ್ ಬದಲು ಅದರ ನಿಧಾನ ರೂಪ ಜಾಗ್, ಅದಕ್ಕಿಂತ ವೇಗದ ಓಟವಾದ ಕ್ಯಾಂಟರ್ ಬದಲು ಅದರ ನಿಧಾನ ರೂಪ ಲೋಪ್. ಇದಕ್ಕಾಗಿಯೇ ಇರುವ ಸಂಘ, ಅಂದರೆ ವೆಸ್ಟರ್ನ್ ಡ್ರೆಸಾಜ್ ಅಸೋಸಿಯೇಷನ್ ಆಫ್ ಅಮೆರಿಕ, ಶುರುವಾದದ್ದು 2010ರಲ್ಲಿ. ಕ್ರೀಡೆ ಇನ್ನೂ ಚಿಕ್ಕ ವಯಸ್ಸಿನದು. ಅದಕ್ಕೇ ಹೊಸಬರನ್ನು ಇಲ್ಲಿ ಬಾಯ್ತುಂಬಾ ಮಾತಾಡಿಸುತ್ತಾರೆ. ಯಾವ ತಳಿಯ ಕುದುರೆಯಾದರೂ ಸರಿ. ಹೇಸರಗತ್ತೆಗೂ ಜಾಗವಿದೆ.

ನಾನು ಹತ್ತುವುದು ಹನಿ ಅನ್ನುವ ಕ್ವಾರ್ಟರ್ ಹಾರ್ಸ್ ತಳಿಯ ಹೆಣ್ಣು ಕುದುರೆಯನ್ನು. ನನ್ನ ಸ್ವಂತದ್ದಲ್ಲ, ಅರ್ಧ ಲೀಸಿಗೆ ತೆಗೆದುಕೊಂಡದ್ದು. ಮೇವು, ಲಾಳ, ಲಾಯದ ಬಾಡಿಗೆಯಲ್ಲಿ ಅರ್ಧ ನನ್ನದು. ವಾರದ ಅರ್ಧದಷ್ಟು ದಿನಗಳ ಸವಾರಿಯೂ ನನ್ನದು. ಕೆಲಸ, ಮನೆ, ಮಕ್ಕಳು ಎಲ್ಲಾ ಇರುವವರಿಗೆ ಇದೇ ಒಳ್ಳೆಯ ದಾರಿ ಅಂತ ನನ್ನ ಅಭಿಪ್ರಾಯ. ಹನಿಗೆ ಎತ್ತರವೂ ಇಲ್ಲ, ನೋಡಿದವರು ತಿರುಗಿ ನೋಡುವಂಥ ನಡೆಯೂ ಇಲ್ಲ. ತಾಳ್ಮೆ ಮಾತ್ರ ಬೇಕಾದಷ್ಟಿದೆ.

ಈ ಸ್ಪರ್ಧೆಯಲ್ಲಿ ಇಂಟ್ರೊಡಕ್ಟರಿ, ಬೇಸಿಕ್, ಆಮೇಲೆ ಲೆವೆಲ್ 1ರಿಂದ 5ರವರೆಗೆ ಹಂತಗಳಿವೆ. ಇಂಟ್ರೊದಲ್ಲಿ ಬರೀ ವಾಕ್ ಮತ್ತು ಜಾಗ್. ಲೋಪ್ ಬರುವುದು ಬೇಸಿಕ್‌ನಿಂದ. ನಾನು ಇಂಟ್ರೊ ಆರಿಸಿಕೊಂಡೆ. ಮನೆಯಲ್ಲಿ ಕಣ್ಣುಮುಚ್ಚಿ ಮಾಡಬಲ್ಲ ಹಂತಕ್ಕಿಂತ ಒಂದು ಮೆಟ್ಟಿಲು ಕೆಳಗೇ ಶೋಗೆ ಇಳಿ ಅಂತ ನನ್ನ ಟ್ರೈನರ್ ಹೇಳಿದ್ದರು. ಹೊಸ ಜಾಗ, ಹೊಸ ಕುದುರೆಗಳು, ಮೈಕಿನ ಸದ್ದು, ಇವೆಲ್ಲದರ ನಡುವೆ ಕುದುರೆಯ ಅರ್ಧ ಗಮನ ಬೇರೆಲ್ಲೋ ಇರುತ್ತದೆ. ಉಳಿದ ಅರ್ಧದಲ್ಲಿ ನಾವು ಕೆಲಸ ಮುಗಿಸಬೇಕು.

ಟೆಸ್ಟ್ ಶೀಟ್, ಅಂದರೆ ಮಾಡಬೇಕಾದ ಚಲನೆಗಳ ಪಟ್ಟಿ, ಕೈಗೆ ಬಂದ ತಕ್ಷಣ ಎಲ್ಲರೂ ಅದನ್ನು ಬಾಯಿಪಾಠ ಮಾಡಲು ಕೂರುತ್ತಾರೆ. ನಾನು ಮೊದಲು ಅಂಕದ ಕಾಲಂ ನೋಡಿದೆ. ಪ್ರತಿ ಚಲನೆಗೆ 0ಯಿಂದ 10ರವರೆಗೆ ಅಂಕ, ಅರ್ಧ ಅಂಕವೂ ಉಂಟು. ಕೆಲವು ಚಲನೆಗಳ ಮುಂದೆ 2 ಅಂತ ಇರುತ್ತದೆ. ಅಂದರೆ ಆ ಅಂಕ ದುಪ್ಪಟ್ಟಾಗುತ್ತದೆ. ಕೊನೆಯಲ್ಲಿ ಒಟ್ಟಾರೆ ಅಂಕಗಳು ಬೇರೆ: ಕುದುರೆಯ ನಡೆ, ಅದರ ಹುರುಪು, ಮನಸ್ಸಿಟ್ಟು ಮಾಡುತ್ತದೆಯೇ ಇಲ್ಲವೇ, ಸವಾರರು ಕೂರುವ ರೀತಿ, ಇಬ್ಬರ ಹೊಂದಾಣಿಕೆ. ಎಲ್ಲವನ್ನೂ ಕೂಡಿ ಶೇಕಡಾ ಲೆಕ್ಕ ತೆಗೆಯುತ್ತಾರೆ. ಹೀಗೆ ನೋಡಿದಾಗ ನನಗೊಂದು ವಿಷಯ ಸ್ಪಷ್ಟವಾಯಿತು. ಕುದುರೆಯ ನಡೆಯನ್ನು ನಾನು ರಾತ್ರೋರಾತ್ರಿ ಬದಲಾಯಿಸಲಾರೆ. ಆದರೆ ಸುತ್ತು ದುಂಡಗಿರಬೇಕು, ಗೆರೆ ನೆಟ್ಟಗಿರಬೇಕು, ಅರೀನಾದ, ಅಂದರೆ ಸವಾರಿ ಅಂಗಳದ, ಅಂಚಿನಲ್ಲಿ ಗುರುತಿಗೆ ಇಟ್ಟ ಅಕ್ಷರಗಳಲ್ಲಿ ಹೇಳಿದ ಅಕ್ಷರದ ಹತ್ತಿರವೇ ನಡೆ ಬದಲಾಗಬೇಕು. ಇದು ಪೂರ್ತಿ ನನ್ನ ಕೈಯಲ್ಲಿದೆ. ಇದಕ್ಕೆ ದುಡ್ಡು ಬೇಡ, ದೊಡ್ಡ ಕುದುರೆಯೂ ಬೇಡ.

ಸುತ್ತಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೊಸಬರಿಗೆ ಅಂಕ ಹೋಗುವುದೂ ಬರುವುದೂ ಇಲ್ಲೇ. ಅರೀನಾ 20 ಮೀಟರ್ ಅಗಲ, 60 ಮೀಟರ್ ಉದ್ದ. ಒಳಗೆ ಬರುವ ಬಾಗಿಲ ಹತ್ತಿರ ಎ, ಎದುರು ತುದಿಯಲ್ಲಿ ಸಿ, ಜಡ್ಜ್ ಕೂರುವುದು ಅಲ್ಲಿ. ಉದ್ದದ ಬದಿಯಲ್ಲಿ ಮೊದಲ ಅಕ್ಷರ ಮೂಲೆಯಿಂದ 6 ಮೀಟರ್‌ಗೆ, ಆಮೇಲೆ 12 ಮೀಟರ್‌ಗೊಂದು. ಎ ಹತ್ತಿರ 20 ಮೀಟರ್ ಸುತ್ತು ಮಾಡು ಅಂದರೆ, ಸುತ್ತು ಉದ್ದದ ಬದಿಯನ್ನು ಮುಟ್ಟಬೇಕಾದದ್ದು ಮೂಲೆಯಿಂದ 10 ಮೀಟರ್‌ನಲ್ಲಿ. ಅಂದರೆ ಎ ಕಡೆಯ ಮೊದಲ ಅಕ್ಷರಗಳಾದ ಕೆ ಮತ್ತು ಎಫ್ ದಾಟಿ ಇನ್ನೂ 4 ಮೀಟರ್ ಮುಂದೆ. ಎಯಿಂದ ಸಿಗೆ ಹೋಗುವ ನಡುಗೆರೆಯನ್ನು ದಾಟಬೇಕಾದದ್ದು 20 ಮೀಟರ್‌ನಲ್ಲಿ, ಎಲ್ ಅನ್ನುವ ಜಾಗ ಕಳೆದು 2 ಮೀಟರ್‌ಗೆ. ಆ ಎಲ್‌ಗೆ ನೆಲದ ಮೇಲೆ ಗುರುತೇ ಇರುವುದಿಲ್ಲ. ಕೆ, ಎಫ್ ಆದ ಮೇಲೆ ಬರುವ ವಿ ಮತ್ತು ಪಿ ಅಕ್ಷರಗಳ ನಡುವೆ ಕಣ್ಣಲ್ಲೇ ಗೆರೆ ಎಳೆದುಕೊಳ್ಳಬೇಕು. ಇನ್ನು ಮೂಲೆಗಳಿಗೆ ಸುತ್ತು ಹೋಗಲೇಬಾರದು. ಹೋದರೆ ಅದು ಚೌಕವಾಗುತ್ತದೆ.

ಇದನ್ನು ಕಣ್ಣಿಗೆ ಕೂರಿಸಿಕೊಳ್ಳಲು ಬಟ್ಟೆ ಒಣಹಾಕುವ ಹಗ್ಗ ತಂದು 10 ಮೀಟರ್‌ಗೆ ಕತ್ತರಿಸಿದೆ. ಮಗಳು ಒಂದು ತುದಿ ಹಿಡಿದು ನಡುವೆ ನಿಂತಳು. ನಾನು ಇನ್ನೊಂದು ತುದಿ ಹಿಡಿದು, ಹಗ್ಗ ಬಿಗಿ ಮಾಡಿ, ಮರಳಿನಲ್ಲಿ ಬೂಟಿನ ಹಿಮ್ಮಡಿ ಎಳೆಯುತ್ತಾ ನಡೆದೆ. ಗೆರೆ ಪೂರ್ತಿಯಾದಾಗ ನನಗೇ ಆಶ್ಚರ್ಯ. 20 ಮೀಟರ್ ಸುತ್ತು ನಾನು ಅಂದುಕೊಂಡಿದ್ದಕ್ಕಿಂತ ಎಷ್ಟೋ ದೊಡ್ಡದು! ಆ ಗೆರೆಯ ನಾಲ್ಕು ಬಿಂದುಗಳಲ್ಲಿ ಕೋನ್ ಇಟ್ಟೆ. ಒಂದು ಬಿಂದುವಿನ ಮೇಲೆ ಕಾಲಿಡುವ ಮೊದಲೇ ಮುಂದಿನದನ್ನು ನೋಡಬೇಕು. ನನ್ನ ಕಣ್ಣು ತಿರುಗಿದರೆ ಭುಜ ತಿರುಗುತ್ತದೆ, ಭುಜ ತಿರುಗಿದರೆ ಸೊಂಟ, ಸೊಂಟದ ಹಿಂದೆ ಹನಿ. ಲಗಾಮು ಎಳೆಯುವ ಅಗತ್ಯವೇ ಬೀಳುವುದಿಲ್ಲ. ಕೆಲವು ವಾರ ಕಳೆದ ಮೇಲೆ ಕೋನ್ ತೆಗೆದುಬಿಟ್ಟೆ.

ಎರಡನೆಯದು ಫ್ರೀ ವಾಕ್. ಅರೀನಾದ ಒಂದು ಮೂಲೆಯ ಕಡೆಯಿಂದ ಎದುರು ಮೂಲೆಯ ಕಡೆಗೆ ಓರೆಯಾಗಿ, ಲಗಾಮು ಸಡಿಲ ಬಿಟ್ಟು ನಡೆಯುವುದು. ನೋಡುವವರಿಗೆ ಇದು ವಿರಾಮದ ಹಾಗೆ ಕಾಣುತ್ತದೆ. ಆದರೆ ದುಪ್ಪಟ್ಟು ಅಂಕ ಇಡುವುದು ಇದಕ್ಕೇ. ಕುದುರೆ ಕತ್ತನ್ನು ಮುಂದಕ್ಕೂ ಕೆಳಕ್ಕೂ ಚಾಚಬೇಕು. ಬೆನ್ನು ತೂಗಬೇಕು. ಮುಂಗಾಲಿನ ಗೊರಸು ಬಿಟ್ಟ ಗುರುತನ್ನು ಹಿಂಗಾಲು ದಾಟಿ ಮುಂದೆ ಬೀಳಬೇಕು. ಸವಾರಿ ಮುಗಿದ ಮೇಲೆ ಇಳಿದು ಮರಳು ನೋಡಿ, ಎಲ್ಲಾ ಅಲ್ಲೇ ಬರೆದಿರುತ್ತದೆ. ಹನಿಯ ಹಿಂಗಾಲು ಶುರುವಿನಲ್ಲಿ ಮುಂಗಾಲಿನ ಗುರುತಿನ ಮೇಲೇ ಬೀಳುತ್ತಿತ್ತು. ಪ್ರತಿ ಪಾಠ ಮುಗಿದ ಮೇಲೂ ಅವಳನ್ನು ಹುಲ್ಲುಗಾವಲಿನ ದಾರಿಯಲ್ಲಿ ಉದ್ದ ಲಗಾಮಿನಲ್ಲಿ ನಡೆಸಿದೆ. ಮನೆ ಕಡೆ ತಿರುಗಿದಾಗ ಯಾವ ಕುದುರೆಯಾದರೂ ಹುಮ್ಮಸ್ಸಿನಿಂದ ಹೆಜ್ಜೆ ಹಾಕುತ್ತದಲ್ವಾ? ಆ ಹೆಜ್ಜೆಯನ್ನೇ ಮೆಲ್ಲಗೆ ಅರೀನಾದೊಳಗೆ ತಂದೆವು. ಫ್ರೀ ವಾಕ್ ಮುಗಿದ ಮೇಲೆ ಲಗಾಮು ಮತ್ತೆ ಎತ್ತಿಕೊಳ್ಳುವುದು ಇನ್ನೂ ನಾಜೂಕಿನ ಕೆಲಸ. ಒಂದೇ ಸಲಕ್ಕೆ ಎಳೆದರೆ ಕುದುರೆ ತಲೆ ಎತ್ತಿ ಜಾಗ್‌ಗೆ ಹಾರುತ್ತದೆ. ಒಂದೊಂದು ಹೆಜ್ಜೆಗೆ ಒಂದೊಂದು ಬೆರಳಷ್ಟು, ಬಾವಿಯ ಹಗ್ಗ ಸೇದುವ ಹಾಗೆ, ಕೈ ಬದಲಾಯಿಸುತ್ತಾ ತೆಗೆದುಕೊಳ್ಳಬೇಕು.

ಕುದುರೆಯ ಮೂತಿಯನ್ನು ಎದೆಗೆ ಅಂಟಿಸಿದ ಹಾಗೆ ಎಳೆದು ಹಿಡಿಯುವವರನ್ನು ಕೆಲವು ಕಡೆ ನೋಡಿದ್ದೇನೆ. ನನಗದು ಸಹಿಸುವುದಿಲ್ಲ. ಈ ಕ್ರೀಡೆಯಲ್ಲಿ ಜಡ್ಜ್‌ಗಳೂ ಅದಕ್ಕೆ ಅಂಕ ಕೊಡುವುದಿಲ್ಲ. ನಾನು ಇದಕ್ಕೆ ಬಂದದ್ದಕ್ಕೂ ಅದೇ ಕಾರಣ.

ಈಗ ಹೆಸರು ಕೊಡುವ ವಿಷಯ. ಮೊದಲು ಸ್ಕೂಲಿಂಗ್ ಶೋಗೆ, ಅಂದರೆ ಅಭ್ಯಾಸಕ್ಕಾಗಿ ನಡೆಸುವ ಶೋಗೆ ಹೋಗಿ. ಕುದುರೆ ಕ್ರೀಡೆಗಳ ರಾಷ್ಟ್ರೀಯ ಒಕ್ಕೂಟದ ಮಾನ್ಯತೆ ಇರುವ ಶೋಗಿಂತ ಖರ್ಚು ಕಡಿಮೆ, ಒತ್ತಡವೂ ಕಡಿಮೆ. ಎಂಟ್ರಿ ಫಾರಂ ತುಂಬಿ, ಕೊನೆಯ ದಿನಾಂಕದ ಒಳಗೆ ಶುಲ್ಕ ಕಟ್ಟಬೇಕು. ಲಾಯದಲ್ಲಿ ಸ್ಟಾಲ್ ಬೇಕಿದ್ದರೆ ಅದಕ್ಕೆ ಬೇರೆ ದುಡ್ಡು. ಕುದುರೆಯ ಕಾಗಿಂಜ್ ಪರೀಕ್ಷೆಯ ವರದಿ ಕೇಳುತ್ತಾರೆ. ಇದು ಇನ್ಫೆಕ್ಷಿಯಸ್ ಅನೀಮಿಯಾ ಅನ್ನುವ ವೈರಸ್ ರೋಗ ಇಲ್ಲ ಅಂತ ತೋರಿಸುವ ರಕ್ತಪರೀಕ್ಷೆ. ಆ ರೋಗಕ್ಕೆ ಮದ್ದಿಲ್ಲ, ಕಚ್ಚುವ ನೊಣಗಳಿಂದ ಹರಡುತ್ತದೆ. ಹಾಗಾಗಿ ಈ ಕಾಗದ ಇಲ್ಲದೆ ಗೇಟಿನೊಳಗೆ ಬಿಡುವುದಿಲ್ಲ. ರಾಜ್ಯದ ಗಡಿ ದಾಟುವುದಾದರೆ ಪಶುವೈದ್ಯರ ಆರೋಗ್ಯ ಪತ್ರವೂ ಬೇಕು. ಕೆಲವು ದಿನ ಮುಂಚೆ ನಿಮ್ಮ ಸವಾರಿಯ ಸಮಯ ಗೊತ್ತಾಗುತ್ತದೆ, ಗಂಟೆ ನಿಮಿಷ ಸಮೇತ.

ಉಡುಪಿಗೆ ಜಾಸ್ತಿ ಖರ್ಚು ಮಾಡಬೇಡಿ. ಕಾಲರ್ ಇರುವ ತುಂಬುತೋಳಿನ ಅಂಗಿ, ಜೀನ್ಸ್, ಬೂಟು ಸಾಕು. ಕೌಬಾಯ್ ಟೋಪಿ ಹಾಕಬಹುದು. ನಾನು ಹೆಲ್ಮೆಟ್ ಹಾಕುತ್ತೇನೆ, ಅದಕ್ಕೆ ಅಂಕ ಕಡಿಯುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು ಇದರಲ್ಲಿ ಎರಡನೇ ಯೋಚನೆ ಮಾಡಲೇಬಾರದು. ಕಡಿವಾಣದ ಮೇಲೆ ಮಾತ್ರ ನಿಯಮ ಬಿಗಿ. ನಿಮ್ಮದು ನಿಯಮದ ಪುಸ್ತಕದಲ್ಲಿ ಇದೆಯೇ ಅಂತ ಮನೆಯಲ್ಲೇ ನೋಡಿಕೊಳ್ಳಿ. ಇನ್ನೊಂದು ವಿಷಯ, ಲಾಯದಿಂದಲೇ ನೀರು ತುಂಬಿಕೊಂಡು ಹೋಗಿ. ಬೇರೆ ಊರಿನ ನೀರಿನ ವಾಸನೆಗೆ ಮೂಗು ತಿರುಗಿಸಿ ದಿನವಿಡೀ ಕುಡಿಯದೆ ನಿಲ್ಲುವ ಕುದುರೆಗಳಿವೆ. ಟೆಕ್ಸಸ್‌ನ ಬಿಸಿಲಿನಲ್ಲಿ ಅದು ಹೊಟ್ಟೆನೋವಿಗೆ ದಾರಿ.

ಟೆಸ್ಟನ್ನು ಹೊರಗಿನಿಂದ ಒಬ್ಬರು ಗಟ್ಟಿಯಾಗಿ ಓದಿ ಹೇಳಬಹುದು. ಹೊಸಬರಿಗೆ ಇದೊಂದು ದೊಡ್ಡ ಆಸರೆ. ಹಾಳೆಯಲ್ಲಿ ಇರುವುದನ್ನು ಮಾತ್ರ ಓದಬೇಕು. "ಬೆನ್ನು ನೆಟ್ಟಗೆ", "ನಿಧಾನ" ಅಂತೆಲ್ಲಾ ಸೇರಿಸಿದರೆ ಹೊರಗಿನ ಸಹಾಯ ಪಡೆದ ಲೆಕ್ಕ, ಸ್ಪರ್ಧೆಯಿಂದ ಹೊರಗೆ. ನನಗೆ ಓದಿದವಳು ಮಗಳು.

"ಅಮ್ಮಾ, ಯಾವಾಗ ಓದಲಿ? ನೀನು ಆ ಅಕ್ಷರಕ್ಕೆ ಬಂದಾಗಲಾ?"

"ಬೇಡ ಪುಟ್ಟಿ. ಅದರ ಹಿಂದಿನ ಅಕ್ಷರದಲ್ಲೇ ಓದಿಬಿಡು. ನನಗೆ ಹನಿ ಹತ್ರ ಹೇಳೋಕೆ ಟೈಮ್ ಬೇಕು."

ಮನೆಯ ಅರೀನಾದಲ್ಲಿ ಹೀಗೆ ಓದಿಸಿಕೊಂಡೇ ಅಭ್ಯಾಸ ಮಾಡಿದ್ದೆವು. ಗಾಳಿ ಬೀಸುವ ದಿನ ಬೇಕಂತಲೇ ಮಾಡಿದೆವು. ಇಲ್ಲಿ ಗಾಳಿಯ ಸದ್ದಿಗೆ ಅರ್ಧ ಮಾತು ಹಾರಿಹೋಗುತ್ತದೆ.

ಶೋ ದಿನ ವಾರ್ಮ್ ಅಪ್ ಜಾಗದಲ್ಲಿ ಗಿಜಿಗಿಜಿ. ಎದುರು ಬರುವ ಕುದುರೆಯನ್ನು ಎಡಗೈಗೆ ಎಡಗೈ ಬರುವಂತೆ ದಾಟಬೇಕು ಅನ್ನುವ ಪದ್ಧತಿ ತಿಳಿದಿದ್ದರೆ ಅರ್ಧ ಗಾಬರಿ ಕಡಿಮೆ. ಅಲ್ಲಿ ಹೊಸದೇನೂ ಕಲಿಸಲು ಹೋಗಬೇಡಿ. ನಾನು ಮೊದಲು ಸುಮ್ನೆ ನಡೆಸಿದೆ, ಹನಿ ಎಲ್ಲಾ ನೋಡಿಕೊಳ್ಳಲಿ ಅಂತ. ಅವಳು ದೊಡ್ಡದಾಗಿ ಉಸಿರು ಬಿಟ್ಟು ಮೂಗು ಕೆಳಗೆ ತಂದಾಗಲೇ ಜಾಗ್ ಕೇಳಿದ್ದು. ಆಮೇಲೆ ನಿಲ್ಲಿಸುವುದು, ನಡೆಸುವುದು, ಮತ್ತೆ ಜಾಗ್. ಅಷ್ಟೇ.

ನಮ್ಮ ಸರದಿ ಬಂದಾಗ ಅರೀನಾದ ಹೊರಗಡೆ ಒಂದು ಸುತ್ತು ಹಾಕಿ, ಜಡ್ಜ್ ಪಕ್ಕ ಬರೆದುಕೊಳ್ಳಲು ಕೂತವರಿಗೆ ನನ್ನ ನಂಬರ್ ಹೇಳಿದೆ. ಗಂಟೆ ಬಾರಿಸಿತು. ಎ ಕಡೆಯಿಂದ ಒಳಗೆ, ನಡುಗೆರೆಯ ಮೇಲೆ. ನಡುಗೆರೆಯಲ್ಲಿ ಕುದುರೆ ಓಲಾಡುವುದು ನಿಧಾನವಾಗಿ ಹೋದಾಗ, ಸೈಕಲ್ ಕಲಿತವರಿಗೆ ಇದು ಗೊತ್ತು. ಹಾಗಾಗಿ ಕಾಲು ಒತ್ತಿ ಸ್ವಲ್ಪ ಹುರುಪಿನಿಂದಲೇ ಬಂದೆ. ಕಣ್ಣು ಸಿ ಮೇಲೆ. ಅರೀನಾದ ನಟ್ಟನಡುವಿನ ಬಿಂದು ಎಕ್ಸ್‌ನಲ್ಲಿ ನಿಂತು, ಲಗಾಮು ಒಂದು ಕೈಗೆ ತಂದು, ಇನ್ನೊಂದು ಕೈ ಇಳಿಬಿಟ್ಟು, ತಲೆ ಬಾಗಿ ನಮಸ್ಕಾರ. ಆಮೇಲಿನದ್ದಕ್ಕೆಲ್ಲಾ ಮಗಳ ದನಿ ದಾರಿ ತೋರಿಸಿತು. ಫ್ರೀ ವಾಕ್‌ನಲ್ಲಿ ಲಗಾಮು ಬೆರಳುಗಳಿಂದ ಜಾರುತ್ತಾ ಹೋದದ್ದು, ಹನಿಯ ಜೂಲು ಒಂದೇ ಲಯದಲ್ಲಿ ಎಡಕ್ಕೂ ಬಲಕ್ಕೂ ಆಡಿದ್ದು, ಇವಿಷ್ಟು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಇಡೀ ಟೆಸ್ಟಿನಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಗಳಿಗೆ ಅದು.

ಹೊರಗೆ ಬಂದ ಕೂಡಲೇ ಕೈಗವಸು ಹಾಕಿದ ಒಬ್ಬರು ಕಡಿವಾಣ ಪರೀಕ್ಷಿಸುತ್ತಾರೆ. ಕುದುರೆ ಬಾಯಿಗೆ ಬೆರಳು ಹಾಕಿಸಿಕೊಂಡು ಅಭ್ಯಾಸವಿರಲಿ.

ಅಂಕಪಟ್ಟಿ ಸಿಕ್ಕಿದ್ದು ಮಧ್ಯಾಹ್ನ. 64ಕ್ಕಿಂತ ಸ್ವಲ್ಪ ಜಾಸ್ತಿ ಶೇಕಡಾ. ಮೊದಲ ಸುತ್ತಿಗೆ 7, ಪಕ್ಕದಲ್ಲಿ "ಒಳ್ಳೆಯ ಆಕಾರ" ಅನ್ನುವ ಅರ್ಥದ ಎರಡು ಪದ. ಫ್ರೀ ವಾಕ್‌ಗೂ 7, ದುಪ್ಪಟ್ಟಾಗಿ 14. ಜಾಗ್‌ಗೆ ಎಲ್ಲಾ ಕಡೆ 6, ಇನ್ನಷ್ಟು ಹಿಂಗಾಲಿನ ಶಕ್ತಿ ಬೇಕು ಅಂತ. ನಮಗಿಂತ ಎಷ್ಟೋ ಚೆಂದದ ನಡೆ ಇದ್ದ ಒಂದು ಕುದುರೆ ಸುತ್ತುಗಳಲ್ಲಿ ಅಂಕ ಬಿಟ್ಟುಕೊಟ್ಟು ನಮ್ಮ ಹಿಂದೆ ಬಂದಿತ್ತು. ಹಗ್ಗ ಹಿಡಿದು ಮರಳಿನಲ್ಲಿ ನಡೆದ ಸಂಜೆಗಳಿಗೆ ಅಂಕ ಬಿದ್ದದ್ದು ನೋಡಿ ಮಗಳು ನನಗಿಂತ ಜಾಸ್ತಿ ಕುಣಿದಳು.

ಆ ಹಾಳೆಯನ್ನು ಫೈಲಿನಲ್ಲಿ ಇಟ್ಟು ಮರೆಯಬೇಡಿ. ನಾನು ಅದರ ಪ್ರತಿ ತೆಗೆದು, 6 ಮತ್ತು ಅದಕ್ಕಿಂತ ಕಡಿಮೆ ಬಂದ ಚಲನೆಗಳಿಗೆ ಗುರುತು ಹಾಕಿ ಟ್ರೈನರ್ ಕೈಗೆ ಕೊಟ್ಟೆ. ಮುಂದಿನ ಪಾಠಗಳೆಲ್ಲಾ ಅದರ ಮೇಲೇ ನಡೆದವು. ಜಾಗ್‌ನಲ್ಲಿ ನೆಲದ ಮೇಲಿನ ಕೋಲುಗಳನ್ನು ದಾಟಿಸುವುದು, ಏರು ದಾರಿಯಲ್ಲಿ ನಡೆಸುವುದು, ಹೀಗೆ ಹಿಂಗಾಲಿಗೆ ಬಲ ಬರುವ ಕೆಲಸಗಳು.

ಟ್ರೇಲರ್ ಇಲ್ಲದವರಿಗೆ, ಶೋ ನಡೆಯುವ ಊರಿಂದ ದೂರ ಇರುವವರಿಗೆ ಇನ್ನೊಂದು ದಾರಿಯಿದೆ. ಸಂಘವೇ ಆನ್‌ಲೈನ್ ಸ್ಪರ್ಧೆ ನಡೆಸುತ್ತದೆ. ಅಳತೆ ಸರಿಯಿರುವ ಅರೀನಾದಲ್ಲಿ ಟೆಸ್ಟ್ ಮಾಡಿ, ಕತ್ತರಿ ಹಾಕದ ವಿಡಿಯೊ ಕಳಿಸಬೇಕು. ಜಡ್ಜ್‌ಗಳು ನೋಡಿ ಅಂಕ ಕೊಡುತ್ತಾರೆ. ಬೇರೆ ದೇಶದವರೂ ಕಳಿಸುತ್ತಾರೆ. ಬೆಂಗಳೂರು, ಮೈಸೂರಿನ ಸವಾರಿ ಶಾಲೆಗಳಲ್ಲಿ ಕಲಿಯುವ ಮಕ್ಕಳು ಯಾಕೆ ಪ್ರಯತ್ನಿಸಬಾರದು ಅಂತ ನನಗೆ ಅನಿಸುತ್ತಲೇ ಇರುತ್ತದೆ. ಹನಿ ಮತ್ತು ನಾನು ಈಗ ಬೇಸಿಕ್‌ಗೆ ತಯಾರಾಗುತ್ತಿದ್ದೇವೆ. ಎಡಗಡೆಯ ಲೋಪ್ ಚೆನ್ನಾಗಿ ಬರುತ್ತಿದೆ, ಬಲಗಡೆಯದು ಇನ್ನೂ ಕೂರಬೇಕು.