ಬೆಟಗೇರಿ ಮನೆಯಲ್ಲಿ ಒಂಬತ್ತು ರಾತ್ರಿ

2023ರಲ್ಲಿ ಹುಬ್ಬಳ್ಳಿಯ ಒಂದು ಮದುವೆಯಲ್ಲಿ ನಮ್ಮ ಅವ್ವನಿಗೂ ಆಕೆಯ ತಂಗಿ ಸವಣೂರಿನ ಚಿಗವ್ವನಿಗೂ ಭೆಟ್ಟಿಯಾಯಿತು. ಭೆಟ್ಟಿ ಅಂದರೆ ಎಷ್ಟು? ಅಕ್ಕಿಕಾಳು ಹಾಕಿ, ಫೋಟೊಕ್ಕೆ ನಿಂತು, ಎರಡನೇ ಪಂಕ್ತಿಯಲ್ಲಿ ಎದುರುಬದುರು ಕೂತು ಊಟ ಮಾಡುವಷ್ಟು. ಅಷ್ಟರಲ್ಲಿ ಚಿಗವ್ವನ ಮಗ ಬಸ್ಸಿಗೆ ಹೊತ್ತಾಯಿತೆಂದು ಅವಸರ ಮಾಡಿದ. ಗದಗಕ್ಕೆ ವಾಪಸ್ ಬರುವಾಗ ಅಣ್ಣಿಗೇರಿ ದಾಟುವ ತನಕ ಅವ್ವ ಸುಮ್ಮನೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಮೇಲೆ ಅಂದಳು: “ಆಕಿ ಕೂಡ ಒಂದ ಮಾತೂ ಆಗಲಿಲ್ಲಪಾ. ಕಿವಿ ಬ್ಯಾರೆ ಕೇಳಂಗಿಲ್ಲ ಆಕಿಗೆ. ಇನ್ನ ಯಾವಾಗ ಸಿಗತಾಳೋ.”

ಕಾರ್ಯಕ್ಕೆ ಕರೆದರೆ ಮಂದಿ ಕಾರ್ಯಕ್ಕಷ್ಟೇ ಬರುತ್ತಾರೆ. ಊಟ ಮಾಡಿ, ಆಯೇರಿ ಕೊಟ್ಟು, ಬಸ್ಸು ಹತ್ತುತ್ತಾರೆ. ಅದು ಯಾರ ತಪ್ಪೂ ಅಲ್ಲ. ಆದರೆ ಅವ್ವನ ಎಂಬತ್ತನ್ನು ಹಾಗೆ ಮಾಡಬಾರದು ಎಂದು ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಎಲ್ಲರೂ ಬರಬೇಕು, ಬಂದವರು ಉಳಿಯಬೇಕು. ಕೆಲಸವಿಲ್ಲದೆ ಕೂತು ಮಾತಾಡುವಷ್ಟು ದಿನ ಉಳಿಯಬೇಕು.

ಅವ್ವನ ಹುಟ್ಟಿದ ತಾರೀಖು ಯಾರಿಗೂ ಗೊತ್ತಿಲ್ಲ. ಸ್ವಾತಂತ್ರ್ಯ ಬಂದಾಗ ಎರಡು ವರ್ಷದ ಕೂಸು, ಕಾರಹುಣ್ಣಿಮೆಗೆ ಸ್ವಲ್ಪ ಮುಂಚೆ ಹುಟ್ಟಿದ್ದು, ಇಷ್ಟೇ ಲೆಕ್ಕ. ಹಾಗಾಗಿ 2025ರ ಬೇಸಿಗೆ ಎಂದು ಇಟ್ಟುಕೊಂಡೆವು. ದಿನ ಹಿಡಿಯುವುದು ಮಾತ್ರ ಸುಲಭವಿರಲಿಲ್ಲ. ತಂಗಿ ಹಾವೇರಿಯಲ್ಲಿ, ಆಕೆಯ ಮಕ್ಕಳ ಶಾಲೆ ಮೇ 29ಕ್ಕೆ ಶುರು. ಅಕ್ಕ ಪುಣೆಯಲ್ಲಿ. ಅಲ್ಲಿಯ ರಜೆ ನಮಗಿಂತ ತಡವಾಗಿ ಶುರುವಾಗಿ ಜೂನ್ ಮಧ್ಯದವರೆಗೆ ಇರುತ್ತದೆ. ಎರಡೂ ಕಡೆ ರಜೆ ಇರುವುದು ಮೇ ತಿಂಗಳಲ್ಲಿ ಮಾತ್ರ. ಮೇ 17ರ ಶನಿವಾರ ಬಂದು 26ರ ಸೋಮವಾರ ಹೋಗುವುದು ಎಂದು ಗೊತ್ತು ಮಾಡಿದೆ. ರೈಲಿನ ಮುಂಗಡ ಬುಕಿಂಗ್ ಮೊದಲು 120 ದಿನ ಇತ್ತು, 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆ. ಮೇ 17ರ ಟಿಕೆಟ್ ಮಾರ್ಚ್ 18ರ ಬೆಳಿಗ್ಗೆ 8ಕ್ಕೆ ತೆರೆಯುತ್ತದೆ ಎಂದು ಎಲ್ಲರಿಗೂ ಹಿಂದಿನ ರಾತ್ರಿಯೇ ಫೋನ್ ಮಾಡಿ ಹೇಳಿದೆ. ಬೆಂಗಳೂರಿನ ತಮ್ಮ ಹೋಗುವ ಟಿಕೆಟನ್ನು 19ಕ್ಕೇ ತೆಗೆಯುತ್ತೇನೆ ಅಂದ. “ಎರಡ ದಿನಕ್ಕ ಬರೂದಾದ್ರ ಬರಬ್ಯಾಡ” ಅಂದುಬಿಟ್ಟೆ. ಒರಟಾಯಿತೇನೋ. ಆದರೆ ಅವನು 26ಕ್ಕೆ ತೆಗೆಸಿದ.

ಒಟ್ಟು 34 ಮಂದಿ. ನಮ್ಮದು ಗದಗಕ್ಕೆ ಹೊಂದಿದ ಬೆಟಗೇರಿಯಲ್ಲಿ ಅಪ್ಪ ಕಟ್ಟಿಸಿದ ಮನೆ, ನಾಲ್ಕು ಕೋಣೆ, ಒಂದು ಪಡಸಾಲೆ, ಮೇಲೆ ಮಾಳಿಗೆ. ಮಲಗುವ ಚಿಂತೆ ನನಗೆ ಇರಲಿಲ್ಲ. ಬೇಸಿಗೆಯಲ್ಲಿ ಚಾಪೆ, ಕೌದಿ ಹಾಸಿದರೆ ಮಾಳಿಗೆಯೇ ಸಾಕು. ಚಿಂತೆ ಇದ್ದದ್ದು ನೀರಿನದು. ನಮ್ಮ ಓಣಿಗೆ ನಳ ದಿನಾ ಬರುವುದಿಲ್ಲ. ಒಬ್ಬರಿಗೆ ದಿನಕ್ಕೆ 60 ಲೀಟರ್ ಹಿಡಿದರೂ 2,000 ಲೀಟರ್ ದಾಟುತ್ತದೆ. 5,000 ಲೀಟರಿನ ಟ್ಯಾಂಕರ್ ಎರಡು ದಿನಕ್ಕೊಮ್ಮೆ ಬರುವಂತೆ ಮೊದಲೇ ಮಾತಾಡಿ ಮುಂಗಡ ಕೊಟ್ಟೆ. ಇನ್ನೊಂದು ರೊಟ್ಟಿಯದು. ಎರಡು ಹೊತ್ತಿಗೆ ದಿನಕ್ಕೆ 200 ರೊಟ್ಟಿ. ಅದನ್ನು ನನ್ನ ಹೆಂಡತಿ, ಅಕ್ಕ, ತಂಗಿ ಬಡಿಯುತ್ತ ಕೂತರೆ ಅವರಿಗೆ ಯಾವ ರಜೆ, ಯಾವ ತವರುಮನೆ? ಓಣಿಯಲ್ಲೇ ರೊಟ್ಟಿ ಮಾಡಿ ಮಾರುವ ಇಬ್ಬರು ಅವ್ವಂದಿರಿಗೆ ಹೇಳಿದೆವು, ರೊಟ್ಟಿಗೆ ಹತ್ತು ರೂಪಾಯಿ. ಬೆಳಿಗ್ಗೆ ಬಿಸಿ ರೊಟ್ಟಿ, ರಾತ್ರಿಗೆ ಖಡಕ್ ರೊಟ್ಟಿ. ನಮ್ಮ ಮನೆಯ ಹೆಣ್ಣುಮಕ್ಕಳು ಒಂಬತ್ತು ದಿನ ಒಲೆಯ ಮುಂದೆ ಬೆವರಲಿಲ್ಲ. ಇಡೀ ಬೇಸಿಗೆಯಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಅದೇ ಎಂದು ಈಗಲೂ ಅನ್ನಿಸುತ್ತದೆ. ಖರ್ಚಿಗೆ ಒಂದೊಂದು ಮನೆಯವರು ತಮ್ಮನ ಹೆಂಡತಿಯ ಖಾತೆಗೆ ಹಾಕಿದರು. ಯಾರು ಎಷ್ಟು ಹಾಕಿದರು ಎಂಬುದು ಆಕೆಗಷ್ಟೇ ಗೊತ್ತು. ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ.

ತಿರುಗಾಟದ ಪಟ್ಟಿ ತಮ್ಮ ಮಾಡಿದ್ದ. ಹಂಪಿ, ದಾಂಡೇಲಿ, ಗೋಕರ್ಣ, ಬಾದಾಮಿ. ಅವ್ವನ ಮೊಣಕಾಲು ಹತ್ತು ಮೆಟ್ಟಿಲಿಗೆ ನೋಯುತ್ತದೆ. ಎರಡು ತಾಸಿಗಿಂತ ಹೆಚ್ಚು ಗಾಡಿಯಲ್ಲಿ ಕೂರಲಾಗದು. ಅವ್ವ ಬರಲಾಗದ ಜಾಗಕ್ಕೆ ಎಲ್ಲರೂ ಕೂಡಿ ಹೋಗುವುದು ಬೇಡ, ಒಂದು ಕಾರ್ಯ ಅಥವಾ ಒಂದು ತಿರುಗಾಟ ಆದ ಮೇಲೆ ಮರುದಿನ ಖಾಲಿ, ಇವೆರಡೇ ಕರಾರು ಹಾಕಿದೆ.

ಮೊದಲ ದಿನ ಪುಣೆಯವರನ್ನು ಕರೆತರಲು ಮಕ್ಕಳನ್ನು ಕಟ್ಟಿಕೊಂಡು ಹುಬ್ಬಳ್ಳಿ ಸ್ಟೇಶನ್ನಿಗೆ ಹೋದೆ. ರೈಲು ತಡ. ಸಿದ್ಧಾರೂಢಸ್ವಾಮಿಗಳ ಹೆಸರಿನ ಈ ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಉದ್ದದ್ದು. ಐದು ಮಕ್ಕಳು ಈ ತುದಿಯಿಂದ ಆ ತುದಿಗೆ ನಡೆದು ಹೆಜ್ಜೆ ಎಣಿಸಿದರು. ಒಬ್ಬೊಬ್ಬರ ಲೆಕ್ಕ ಒಂದೊಂದು. ಆ ಜಗಳ ಬಗೆಹರಿಯುವ ಮೊದಲೇ ರೈಲು ಬಂತು, ಇಳಿದ ಪುಣೆಯ ಹುಡುಗರೂ ಎಣಿಸಲು ಸೇರಿಕೊಂಡರು. ವರ್ಷಗಟ್ಟಲೆ ನೋಡದ ಮಕ್ಕಳು ಹತ್ತು ನಿಮಿಷದಲ್ಲಿ ಒಂದಾದರು. ಹಿರಿಯರಾದ ನಮಗೆ ಎರಡು ದಿನ ಬೇಕಾಯಿತು.

ತಂಗಿಯ ಮಗಳ ಮಾತು ಹೇಳಲೇಬೇಕು. ಮೇ 2ಕ್ಕೆ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂತು, ಹುಡುಗಿ ಗಣಿತದಲ್ಲಿ ಉಳಿದುಕೊಂಡಳು. “ನಾ ಬರಂಗಿಲ್ಲ ಮಾಮಾ, ಎಲ್ಲಾರೂ ಅದನ್ನ ಕೇಳತಾರ” ಎಂದು ಫೋನಿನಲ್ಲಿ ಅತ್ತಳು. ನಾನು ಉಳಿದ 32 ಮಂದಿಗೂ ಬೇರೆಬೇರೆಯಾಗಿ ಹೇಳಿದೆ, ಅಂಕದ ಮಾತು ಯಾರೂ ಎತ್ತಬಾರದು. ಎತ್ತಲಿಲ್ಲ. ಮೇ ಕೊನೆಯ ವಾರ ಎರಡನೇ ಪರೀಕ್ಷೆ ಇತ್ತು. ನಮ್ಮ ಕಾಕಾ ಧಾರವಾಡದಲ್ಲಿ ಗಣಿತ ಮಾಸ್ತರರಾಗಿ ನಿವೃತ್ತರಾದವರು. ಮೂರನೇ ದಿನ ನಸುಕಿನಲ್ಲಿ ನೀರು ಬಿಡಲು ಮಾಳಿಗೆ ಹತ್ತಿದರೆ, ಹಾಸಿಗೆಗಳನ್ನು ಒಂದು ಕಡೆ ಸರಿಸಿ ಕಾಕಾ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು. ದಾರದ ಒಂದು ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ ದೊಡ್ಡ ವೃತ್ತ ಎಳೆಯುತ್ತಿದ್ದರು. “ಇಲ್ಲಿ ಹೊರಗ ನೀ ನಿಂತೀದಿ ಅಂತ ತಿಳಕೋ. ವೃತ್ತಕ್ಕ ಎಷ್ಟ ಸ್ಪರ್ಶಕ ಎಳೀಬಹುದು?” ಹುಡುಗಿ ಬರಿಗಾಲಲ್ಲಿ ಬಿಂದುವಿನ ಮೇಲೆ ನಿಂತು ಎರಡೂ ಕೈ ಚಾಚಿ ತೋರಿಸಿದಳು. ಹೊರಡುವ ತನಕ ದಿನಾ ನಸುಕಿನಲ್ಲಿ ಒಂದೂವರೆ ತಾಸು ಅದೇ ನಡೆಯಿತು. ಜೂನ್‌ನಲ್ಲಿ ಪಾಸಾದಳು. ಮೊದಲ ಫೋನ್ ಕಾಕಾರಿಗೆ ಹೋಯಿತು.

ಲಕ್ಕುಂಡಿಗೆ ಬೆಳಿಗ್ಗೆ ಆರಕ್ಕೇ ಹೋಗಿ ಹತ್ತರೊಳಗೆ ವಾಪಸ್ ಬಂದೆವು, ಬಿಸಿಲಿನ ಅಂಜಿಕೆ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯದ ಮುಂದೆ ಅವ್ವ ಒಂದು ತಾಸು ಕೂತಳು. ಮಕ್ಕಳು ಮುಸುಕಿನ ಬಾವಿಯ ಮೆಟ್ಟಿಲಿಳಿದು ನೋಡಿ ಬಂದು ವರದಿ ಒಪ್ಪಿಸಿದರು. ತಮ್ಮನ ಮೊಮ್ಮಗನ ಜವಳ ಓಣಿಯ ವೀರಭದ್ರನ ಗುಡಿಯಲ್ಲಿ ಆಯಿತು. ಸೋದರಮಾವ ಮೊದಲ ಕೂದಲು ಕತ್ತರಿಸಿದ, ಕೂಸು ಅತ್ತಿತು, ಸಕ್ಕರೆ ಹಂಚಿದೆವು.

ಚಿಗವ್ವನನ್ನು ಕರೆತರುವುದೇ ನನಗೆ ದೊಡ್ಡ ಕೆಲಸವಾಗಿತ್ತು. ಆಕೆಗೆ 76. ಮಗನಿಗೆ ರಜೆ ಸಿಗುವುದಿಲ್ಲ, ಒಬ್ಬಳೇ ಬಸ್ಸು ಹತ್ತಲಾರಳು. ಹೇಳಿಟ್ಟಿದ್ದ ಟೆಂಪೊ ಟ್ರಾವೆಲರ್‌ನವನು ಹಿಂದಿನ ರಾತ್ರಿ ಹತ್ತಕ್ಕೆ ಫೋನ್ ಮಾಡಿ ಬೇರೆ ಬಾಡಿಗೆ ಸಿಕ್ಕಿದೆ, ಬರುವುದಿಲ್ಲ ಅಂದ. ಮುಂಗಡ ಕೊಟ್ಟಿದ್ದೆ, ಚೀಟಿ ಬರೆಸಿರಲಿಲ್ಲ. ಅಂದಿನಿಂದ ಎರಡು ಸಾವಿರ ಕೊಟ್ಟರೂ ಚೀಟಿ ಬರೆಸಿಕೊಳ್ಳುತ್ತೇನೆ. ಕೊನೆಗೆ ಎರಡು ಕಾರಿನಲ್ಲಿ ಹೊರಟೆವು. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನ ಗುಡಿ ನೋಡಿ, ಶಿಶುವಿನಹಾಳದಲ್ಲಿ ಶರೀಫಜ್ಜನ ಗದ್ದುಗೆಗೆ ಕಾಯಿ ಒಡೆಸಿ, ಮಧ್ಯಾಹ್ನಕ್ಕೆ ಸವಣೂರು. ಚಿಗವ್ವ ಗಂಟು ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಗಂಟಿನಲ್ಲಿ ಎರಡು ಸೀರೆ, ಸವಣೂರ ಖಾರಾ, ಹಸಿ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ. ಬೆಳಿಗ್ಗೆ ಏಳರಿಂದ ಅಲ್ಲೇ ಕೂತಿದ್ದಾಳೆ ಎಂದು ಸೊಸೆ ಹೇಳಿದಳು.

ಮನೆಗೆ ಬಂದಾಗ ಸಂಜೆ. ಅವ್ವ ಬಾಗಿಲಿಗೆ ಬಂದಳು. ಇಬ್ಬರೂ ಅಳಲಿಲ್ಲ. ಅವ್ವ ತಂಗಿಯ ಗದ್ದ ಹಿಡಿದು, “ಎಷ್ಟ ಸೊರಗೀದಿ” ಅಂದಳು. ಕೇಳಿಸಲಿಲ್ಲ. ಮತ್ತೆ ಜೋರಾಗಿ ಅಂದಳು. ಚಿಗವ್ವ ಅದಕ್ಕೆ ಉತ್ತರ ಕೊಡದೆ ಗಂಟು ಬಿಚ್ಚಿ ಎಲೆ ತೆಗೆದಳು.

ಮರುದಿನ ಖಾಲಿ ದಿನ. ಮಾಳಿಗೆಯ ನೆರಳಿಗೆ ಇಬ್ಬರೂ ಕೂತು ಎಲೆ ಹಾಕಿಕೊಳ್ಳುವುದನ್ನು ನಾನು ಹತ್ತಿರದಿಂದ ನೋಡಿದೆ. ಚಿಗವ್ವ ಎಲೆಯನ್ನು ಸೆರಗಿನಿಂದ ಒರೆಸಿ, ತೊಟ್ಟು ಮುರಿದು, ಬೆನ್ನಿನ ನರವನ್ನು ಉಗುರಿನಿಂದ ಉದ್ದಕ್ಕೂ ಬಿಡಿಸುತ್ತಾಳೆ. ಬಿಡಿಸಿದ ನರವನ್ನು ಚೆಲ್ಲದೆ ಎಡ ಮೊಣಕಾಲ ಮೇಲೆ ಇಟ್ಟುಕೊಳ್ಳುತ್ತಾಳೆ. ನಮ್ಮ ಅವ್ವನೂ ಹಾಗೇ, ಅದೇ ಎಡ ಮೊಣಕಾಲು. ಐವತ್ತು ವರ್ಷ ನೋಡಿದ್ದೇನೆ, ಅದು ಅವ್ವನದೇ ರೂಢಿ ಎಂದುಕೊಂಡಿದ್ದೆ. ಕೇಳಿದರೆ, “ನಮ್ಮವ್ವ ಹಂಗ ಇಡತಿದ್ಲು, ನೆಲಕ್ಕ ಬಿದ್ರ ಕೂಸು ಬಾಯಾಗ ಹಾಕ್ಕೋತಾವಂತ” ಅಂದಳು. ಮಾತು ಅಲ್ಲಿಂದ ಶುರುವಾಗಿ ದೀಪ ಹಚ್ಚುವ ತನಕ ನಡೆಯಿತು. ಅವ್ವ ಮಾತಾಡುವಾಗ ತಂಗಿಯ ಅಂಗೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡು ಒತ್ತುತ್ತಿದ್ದಳು. ಒತ್ತಿದರೆ ಚಿಗವ್ವ ಮುಖ ನೋಡುತ್ತಾಳೆ, ಮುಖ ನೋಡಿದರೆ ಮಾತು ತಿಳಿಯುತ್ತದೆ. ಕಿವಿಯ ಯಂತ್ರಕ್ಕೆಂದು ತಮ್ಮ ತಂದಿದ್ದ ರೊಕ್ಕ ಹಾಗೇ ಉಳಿಯಿತು.

ತಮ್ಮನಿಗೂ ಕಾಕಾರ ಮಗನಿಗೂ ಆರು ವರ್ಷದಿಂದ ಮಾತಿಲ್ಲ, ವಾಟ್ನಿಯ, ಅಂದರೆ ಆಸ್ತಿ ಪಾಲಿನ, ಸಲುವಾಗಿ. ಇಬ್ಬರನ್ನೂ ಕೂಡಿಸಿ ಪಂಚಾಯಿತಿ ಮಾಡಬೇಕೆಂದು ಕೆಲವರು ಅಂದರು. ನಾನು ಬೇಡ ಅಂದೆ. ಶೀಕರಣಿಗೆ ಆಪೂಸು ಮಾವಿನಹಣ್ಣು ಬೇಕಿತ್ತು, ಧಾರವಾಡದ ಕಡೆಯಿಂದ ಹನ್ನೆರಡು ಡಜನ್ ತನ್ನಿ ಎಂದು ಇಬ್ಬರನ್ನೂ ಒಂದೇ ಕಾರಿನಲ್ಲಿ ಕಳಿಸಿದೆ. ಸಂಜೆ ಬಂದರು. ಹುಲ್ಲು ಹರವಿ ಹಣ್ಣು ಬೇರೆ ಮಾಡುತ್ತ, ಇದು ನಾಳೆಗೆ, ಇದು ನಾಡಿದ್ದಿಗೆ ಎನ್ನುವಷ್ಟು ಮಾತು ಅವರ ನಡುವೆ ಇತ್ತು. ವಾಟ್ನಿಯ ಮಾತು ಇನ್ನೂ ಹಾಗೇ ಇದೆ. ಆದರೆ ಶೀಕರಣಿಯ ದಿನ ಇಬ್ಬರೂ ಒಂದೇ ಕೊಪ್ಪರಿಗೆಯ ಎರಡು ಬದಿಗೆ ಕೂತು ಹಣ್ಣು ಹಿಂಡಿದರು. ಮಿಕ್ಸರ್ ಹಾಕಲು ಅವ್ವ ಬಿಡಲಿಲ್ಲ. ಹಣ್ಣನ್ನು ನೀರಿನಲ್ಲಿ ನೆನೆಸಿ, ಅಂಗೈಯಲ್ಲಿ ಹೊರಳಿಸಿ ಮೆತ್ತಗೆ ಮಾಡಿ, ಹಿಂಡಿ, ವಾಟೆಯನ್ನು ಹಾಲಿನಲ್ಲಿ ಕಿವುಚಿ, ಸಕ್ಕರೆ, ಯಾಲಕ್ಕಿ, ಒಂದು ಚಿಟಿಕೆ ಉಪ್ಪು. ಹೋಳಿಗೆ ಅದ್ದಿ ತಿಂದರೆ ನಾಲಿಗೆಗೆ ನಾರಿನ ಎಳೆ ಸಿಗಬೇಕು, ಮಿಕ್ಸರಿನಲ್ಲಿ ಅದು ಸಾಯುತ್ತದೆ.

ಎಂಬತ್ತರ ಕಾರ್ಯ 25ರ ಭಾನುವಾರ. ಮಾಳಿಗೆಯ ಮೇಲೆ ಶಾಮಿಯಾನ ಹಾಕಿಸಿದ್ದೆ. ಆ ವರ್ಷ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು, ಎಂಟು ದಿನ ಮುಂಚೆ. ನಮ್ಮ ಕಡೆಯೂ ಮಳೆ ಹಿಡಿಯಿತು. ಬೆಳಿಗ್ಗೆ ಹತ್ತರ ಹೊತ್ತಿಗೆ ಶಾಮಿಯಾನದ ಹೊಟ್ಟೆಯಲ್ಲಿ ನೀರು ನಿಂತು ಒಂದು ಗೂಟ ಕಿತ್ತು ಬಂತು. ಪಕ್ಕದ ಮನೆಯವರು ನೇಕಾರರು. ಕೇಳುವ ಮೊದಲೇ ಬಂದು, “ನಮ್ಮ ಮಗ್ಗದ ಮನಿ ಖಾಲಿ ಐತಿ, ಬರ್ರಿ” ಎಂದು ಬಾಗಿಲು ತೆಗೆದರು. ಅಲ್ಲಿ ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ನೇಯುವವರು ಅಂಚಿಗೆ ಕೂತು ಕಾಲನ್ನು ಕೆಳಗೆ ಇಳಿಬಿಟ್ಟು ತುಳಿಯುವ ಮಗ್ಗ. ಅವ್ವನಿಗೆಂದು ತಂದ ಕುರ್ಚಿ ಬಾಗಿಲಲ್ಲಿ ಹಿಡಿಸಲಿಲ್ಲ. ಆಕೆ ಸುತ್ತ ನೋಡಿ, ತಾನೇ ಹೋಗಿ ಕುಣಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟಳು. ಮೊಣಕಾಲು ಮಡಚುವ ಕೆಲಸವಿಲ್ಲ. “ಇದ ಛಲೋ ಐತಿ” ಅಂದು ಪಕ್ಕದ ಜಾಗ ಕೈಯಿಂದ ಬಡಿದು ತಂಗಿಯನ್ನು ಕರೆದಳು. ಹೊಸ ಇಳಕಲ್ ಸೀರೆ ಉಟ್ಟ ಇಬ್ಬರೂ ಮಗ್ಗದ ಮುಂದೆ ಕಾಲು ಆಡಿಸುತ್ತ ಕೂತರು. ನಾವು 32 ಮಂದಿ ಸಾಲಾಗಿ ಬಗ್ಗಿ ನಮಸ್ಕಾರ ಮಾಡಿದೆವು. ಹೊರಗೆ ಮಳೆ ಎಷ್ಟು ಜೋರಿತ್ತೆಂದರೆ ತಗಡಿನ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಅವತ್ತು ಎಲ್ಲರೂ ಚಿಗವ್ವನಂತೆ ಮುಖ ನೋಡಿಯೇ ಮಾತಾಡಿದೆವು.

26ಕ್ಕೆ ಎಲ್ಲರೂ ಹೊರಟರು. ಚಿಗವ್ವನ ಗಂಟು ಮಾತ್ರ ಗೂಟಕ್ಕೇ ಇತ್ತು. ಅವ್ವ, “ಕಾರಹುಣ್ಣಿವಿ ಮುಗಿಸಿಕೊಂಡು ಹೋಗ್ತಾಳ” ಅಂದಳು. ಜೂನ್ 11ರ ಹುಣ್ಣಿಮೆ ಮುಗಿಯಿತು. ಆಮೇಲೆ ಮಣ್ಣೆತ್ತಿನ ಅಮಾವಾಸ್ಯೆ ಅಂದಳು. ಜೂನ್ 25ಕ್ಕೆ ಇಬ್ಬರೂ ಪಡಸಾಲೆಯಲ್ಲಿ ಕೂತು ಎರೆಮಣ್ಣು ನಾದಿ ಒಂದು ಜೋಡಿ ಎತ್ತು ಮಾಡಿದರು. ಒಂದನ್ನು ಅವ್ವ ಮಾಡಿದಳು, ಒಂದನ್ನು ಚಿಗವ್ವ. ಕೋಡಿಗೆ ಹಚ್ಚಲು ಕುಸುಬಿ ಕಾಳು ಕೇಳಿದರು, ನಾನು ಅಂಗಡಿಗೆ ಹೋಗಿ ತಂದೆ.