ಸುಣ್ಣದ ಗೋಡೆ ಮೇಲೆ ಕಂಕಣ ಗ್ರಹಣ

ಕಾಸರಗೋಡಿನ ನಮ್ಮ ಅಡಿಕೆ ತೋಟದ ಮೂಲೆಯಲ್ಲಿ ಒಂದೇ ಕೋಣೆಯ ಹಂಚಿನ ಮನೆ ಇತ್ತು. ಹಿಂದೆ ತೋಟ ಕಾಯುವವರು ಮಲಗುತ್ತಿದ್ದ ಜಾಗ. ಮದುವೆಯಾದ ಮೇಲೆ ನಮಗಿಬ್ಬರಿಗೆ ಇಷ್ಟು ಸಾಕು ಅಂತ ಅದನ್ನೇ ಸರಿ ಮಾಡಲು ಹೊರಟೆವು.

ಗೋಡೆ ಮುರಕಲ್ಲಿನದು, ಅಂದರೆ ನೀರು ಹೀರುವ ಕೆಂಪು ಕಲ್ಲಿನದು. ಮೇಲೆ ಯಾರೋ ಸಿಮೆಂಟ್ ಮೆತ್ತಿಸಿದ್ದರು. ಕಲ್ಲು ಕುಡಿದ ಮಳೆನೀರು ಹೊರಗೆ ಹೋಗಲು ದಾರಿಯಿಲ್ಲದೆ ಗಾರೆ ಉಬ್ಬಿ ಬೀಳುತ್ತಿತ್ತು. ಎಲ್ಲ ಕೆರೆದು ಸುಣ್ಣದ ಗಾರೆ ಹಾಕಿಸಿದೆವು. ಸುಣ್ಣ ಬಳಿಯುವ ಕೆಲಸ ನಮ್ಮದೇ. ಗೋಡೆಗೆ ನೀರು ಚಿಮುಕಿಸಿ, ಹಾಲಿನಷ್ಟು ತೆಳುವಾಗಿ ಬಳಿಯಬೇಕು. ಬಳಿದಾಗ ಏನೂ ಕಾಣುವುದಿಲ್ಲ, ಸುಮ್ನೆ ಒದ್ದೆ ಗೋಡೆ. ಒಣಗುತ್ತಾ ಬೆಳ್ಳಗಾಗುತ್ತದೆ. ಅಷ್ಟು ತಾಳ್ಮೆ ಇಲ್ಲದೆ ದಪ್ಪ ಬಳಿದರೆ ಆಮೇಲೆ ಒರಗಿದವರ ಬೆನ್ನಿಗೆಲ್ಲ ಪುಡಿ! ಹಂಚು ಹೊರುವ ಮರದ ಪಕ್ಕಾಸು, ರೀಪುಗಳಿಗೆ ಗೆದ್ದಲು ಬರದಂತೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿದೆವು. ಕೈಗವಸು ಬೇಕೇ ಬೇಕು, ಚರ್ಮ ಸುಡುತ್ತದೆ.

ಅಷ್ಟರಲ್ಲಿ 2019ರ ಡಿಸೆಂಬರ್ 26 ಬಂತು. ಸೂರ್ಯ ಬಳೆಯಂತೆ ಕಾಣುವ ಕಂಕಣ ಗ್ರಹಣದ ದಾರಿ ನಮ್ಮ ಜಿಲ್ಲೆಯ ಮೇಲೆಯೇ. ಅಂಗಳದಲ್ಲಿ ನಿಂತು ನೋಡಲು ಗ್ರಹಣದ ಕನ್ನಡಕ ತಂದಿಟ್ಟಿದ್ದೆವು. ಆದರೆ ಅತ್ತೆ ಹೊರಗೆ ಬರಲು ತಯಾರಿಲ್ಲ. ಅವರಿಗಾಗಿ ಮಾಡಿನ ಪೂರ್ವದ ಇಳಿಜಾರಿನಲ್ಲಿ ಒಂದು ಹಂಚು ತೆಗೆದು, ಆ ಜಾಗಕ್ಕೆ ರಟ್ಟು ಮುಚ್ಚಿ, ನಡುವೆ ಸಣ್ಣ ತೂತು ಮಾಡಿದೆ. ಕಿಟಕಿ, ಬಾಗಿಲು ಮುಚ್ಚಿದೆವು. ಬೆಳಗಿನ ಸೂರ್ಯ ಓರೆ ಇದ್ದದ್ದರಿಂದ ಬೆಳಕು ಎದುರಿನ ಸುಣ್ಣದ ಗೋಡೆಗೆ ಬಿತ್ತು. ತೂತಿನಿಂದ ಗೋಡೆಗೆ ಇರುವ ದೂರವನ್ನು 110ರಿಂದ ಭಾಗಿಸಿದರೆ ಅಲ್ಲಿ ಮೂಡುವ ಸೂರ್ಯನ ಬಿಂಬದ ಅಗಲ ಸಿಗುತ್ತದೆ. ಮೂರು ಮೀಟರಿಗೆ ಹೆಚ್ಚುಕಡಿಮೆ 2.7 ಸೆಂಟಿಮೀಟರ್.

ಎಂಟು ಗಂಟೆ ದಾಟಿದ ಮೇಲೆ ಬಿಂಬದ ಅಂಚು ಸವೆಯತೊಡಗಿತು. ಒಂಬತ್ತೂ ಕಾಲು ದಾಟುತ್ತಲೇ ಬರೀ ಬಳೆ! ಗೋಡೆಗೆ ಓರೆಯಾಗಿ ಬಿದ್ದು ಸ್ವಲ್ಪ ಮೊಟ್ಟೆಯಾಕಾರವಾಗಿತ್ತು. ಬೆಳಕಿಗೆ ನೇರವಾಗಿ ಬಿಳಿ ಕಾಗದ ಹಿಡಿದರೆ ಸರಿಯಾದ ದುಂಡು. ನಾನು ಹೊರಗೂ ಒಳಗೂ ಓಡಾಡಿದೆ. ಹೊರಗೆ ಬಿಸಿಲು ಮಂಕಾಗಿತ್ತು, ಕತ್ತಲಾಗಲಿಲ್ಲ. "ಇದನ್ನು ನೋಡಿದರೆ ದೋಷ ಇಲ್ಲ ಅಲ್ವಾ?" ಅಂತ ಅತ್ತೆ ಕೇಳಿದರು. ಕಣ್ಣು ಮಾತ್ರ ಗೋಡೆ ಮೇಲೆಯೇ ಇತ್ತು.

ಆ ಜಾಗಕ್ಕೆ ಈಗ ಗಾಜಿನ ಹಂಚು ಹಾಕಿದ್ದೇವೆ. 2031ರ ಮೇ 21ರ ಕಂಕಣ ಗ್ರಹಣದ ದಾರಿ ದಕ್ಷಿಣ ಕೇರಳದ ಮೇಲೆ, ನಮ್ಮಲ್ಲಿ ಭಾಗಶಃ ಮಾತ್ರ. ಆಗ ಸೂರ್ಯ ನೆತ್ತಿಯ ಹತ್ತಿರ, ಗಾಜಿಗೆ ಮತ್ತೆ ತೂತಿನ ರಟ್ಟು ಮುಚ್ಚಿದರೆ ಬಿಂಬ ನೆಲಕ್ಕೇ ಬೀಳುತ್ತದೆ. ನಮ್ಮ ನೆಲ ಕೆಂಪು ಕಾವಿಯದು, ಒಂದು ಬಿಳಿ ಪಂಚೆ ಹಾಸಬೇಕು.